ಔಷಧಿ ಕ್ಯಾನ್ ತೊಳೆಯುವುದು ಎಲ್ಲಿ? ಕಂಪನಿಯ ಸಾಮಾಜಿಕ ಹೊಣೆ ಮತ್ತು ಕೆಲಸಗಾರರ ಹಸಿರು ನಡವಳಿಕೆ

ಭಾಗಮಂಡಲದಿಂದ ಘಾಟಿ ಇಳಿದು ಕೇರಳದ ಪಾಣತ್ತೂರಿಗೆ ಹೋಗುವ ದಾರಿಯಲ್ಲಿ ಕೊಡಗಿನ ಕೊನೆಯ ಊರು ಕರಿಕೆ. ಒಂದು ಕಡೆ ತಲಕಾವೇರಿ ವನ್ಯಧಾಮದ ಕಾಡು, ಇನ್ನೊಂದು ಕಡೆ ಕಾಸರಗೋಡು ಜಿಲ್ಲೆಯ ಪನತ್ತಡಿ ಪಂಚಾಯತಿ. ಅಡಿಕೆ, ರಬ್ಬರ್, ಕರಿಮೆಣಸು, ಗೇರು ಇಲ್ಲಿಯ ಬೆಳೆ. ಅರೆಭಾಷೆ, ಮಲಯಾಳ, ಕನ್ನಡ ಮೂರೂ ಒಂದೇ ಅಂಗಡಿ ಜಗಲಿಯ ಮೇಲೆ ಕೇಳಿಸುತ್ತವೆ. ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ತೆಗೆದಿಡಬೇಕಾದಷ್ಟು ದೊಡ್ಡ ಕಂಪನಿಯ ಬೋರ್ಡು ಇಲ್ಲಿ ಕಾಣುವುದಿಲ್ಲ. ಹೆಚ್ಚಿನವರು ಸಣ್ಣ ಹಿಡುವಳಿದಾರರು, ಉಳಿದವರು ಅವರ ತೋಟಗಳಿಗೆ ಕೆಲಸಕ್ಕೆ ಹೋಗುವವರು.

ಆದರೂ ಈ ಊರು ನಿಂತಿರುವ ಜಾಗ ನಮ್ಮ ಪ್ರಶ್ನೆಗೆ ಅನುಕೂಲವಾದದ್ದು. ಘಾಟಿ ಹತ್ತಿ ಪೂರ್ವಕ್ಕೆ ಹೋದರೆ ದಕ್ಷಿಣ ಕೊಡಗಿನ ಕಂಪನಿ ಕಾಫಿ ತೋಟಗಳು. ಪಶ್ಚಿಮಕ್ಕೆ ಇಳಿದರೆ ಕೇರಳ ಸರ್ಕಾರದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳು. ಉತ್ತರಕ್ಕೆ ಸುಳ್ಯದ ಕಡೆ, ಶ್ರೀಲಂಕಾದಿಂದ ಮರಳಿ ಬಂದ ತಮಿಳರಿಗಾಗಿ ಬೆಳೆಸಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು. ಖಾಸಗಿ ಕಂಪನಿ, ಸರ್ಕಾರಿ ಕಂಪನಿ, ಪುನರ್ವಸತಿಗೆಂದೇ ತೋಟ ಮಾಡಿದ ನಿಗಮ, ಹೀಗೆ ಮೂರು ಬಗೆಯ ಧಣಿಗಳ ನಡುವೆ ಕರಿಕೆ ಇದೆ. ಇವರೆಲ್ಲರ ಮುಂದೆ ಇಡಬಹುದಾದ ಪ್ರಶ್ನೆ ಒಂದೇ. ಕಂಪನಿ ಊರಿಗೆ ಒಳ್ಳೆಯದು ಮಾಡಿದರೆ, ಅದರ ಕೆಲಸಗಾರರು ಕೆಲಸದ ಜಾಗದಲ್ಲಿ ಪರಿಸರವನ್ನು ಕಾಪಾಡುತ್ತಾರೆಯೇ? ಕಾಪಾಡಿದರೆ ಯಾಕೆ, ಕಾಪಾಡದಿದ್ದರೆ ಯಾಕೆ?

ಮ್ಯಾನೇಜ್‌ಮೆಂಟ್ ಶಾಸ್ತ್ರದವರು ಈ ಪ್ರಶ್ನೆಯ ಮೇಲೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಬಹಳ ಬರೆದಿದ್ದಾರೆ. ಕೆಲಸಗಾರರ ಹಸಿರು ನಡವಳಿಕೆ ಎಂದರೆ ಏನೇನು ಎಂಬ ಪಟ್ಟಿಯನ್ನು ಅಮೆರಿಕದ ಡೆನಿಜ಼್ ಓನ್ಸ್ ಮತ್ತು ಸ್ಟೀಫನ್ ಡಿಲ್ಕರ್ಟ್ 2012ರಲ್ಲಿ ಐದು ಗುಂಪು ಮಾಡಿ ಕೊಟ್ಟರು. ಸಂಪನ್ಮೂಲ ಉಳಿಸುವುದು, ಹಾನಿ ತಪ್ಪಿಸುವುದು, ಕೆಲಸದ ರೀತಿಯನ್ನೇ ಬದಲಿಸುವುದು, ಇತರರನ್ನು ಪ್ರೇರೇಪಿಸುವುದು, ತಾನೇ ಮುಂದಾಗಿ ಹೊಸದೊಂದನ್ನು ಶುರುಮಾಡುವುದು. 2015ರಲ್ಲಿ ಥಾಮಸ್ ನಾರ್ಟನ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ಇನ್ನೊಂದು ಗೆರೆ ಎಳೆದರು: ಕೆಲಸದ ಭಾಗವಾಗಿ ಮಾಡಲೇಬೇಕಾದದ್ದು ಒಂದು, ಯಾರೂ ಹೇಳದಿದ್ದರೂ ಸ್ವಂತ ಇಚ್ಛೆಯಿಂದ ಮಾಡುವುದು ಇನ್ನೊಂದು. ವಿದ್ವಾಂಸರಿಗೆ ಹೆಚ್ಚು ಪ್ರೀತಿ ಈ ಎರಡನೆಯದರ ಮೇಲೆ.

ಅವರ ಪ್ರಶ್ನಾವಳಿಗಳಲ್ಲಿ ಬರುವ ಉದಾಹರಣೆಗಳು ಮಾತ್ರ ಬಹುಪಾಲು ಕಚೇರಿಯವು. ಹೊರಡುವಾಗ ಲೈಟು ಆರಿಸುತ್ತೀರಾ? ಕಾಗದದ ಎರಡೂ ಮಗ್ಗುಲಿಗೆ ಪ್ರಿಂಟ್ ತೆಗೆಯುತ್ತೀರಾ? ಪ್ಲಾಸ್ಟಿಕ್ ಲೋಟದ ಬದಲು ಸ್ವಂತ ಲೋಟ ತರುತ್ತೀರಾ? ತೋಟದ ಕೆಲಸಕ್ಕೆ ಇದೇ ಪಟ್ಟಿಯನ್ನು ಹೊಂದಿಸಿದರೆ ಅದು ಬೇರೆಯೇ ಆಗುತ್ತದೆ. ಔಷಧಿ ಹೊಡೆದು ಮುಗಿಸಿದ ಮೇಲೆ ಕ್ಯಾನ್ ಎಲ್ಲಿ ತೊಳೆಯುತ್ತೀರಿ, ತೋಡಿನಲ್ಲೋ, ದೂರದ ಗುಂಡಿಯಲ್ಲೋ? ಅಡಿಕೆಗೆ ಬೋರ್ಡೋ ಮದ್ದು ಹೊಡೆದು ಉಳಿದದ್ದನ್ನು ಎಲ್ಲಿ ಚೆಲ್ಲುತ್ತೀರಿ? ರಬ್ಬರ್ ಮರಕ್ಕೆ ಮಳೆಗಾಲಕ್ಕೆಂದು ಕಟ್ಟಿದ ರೈನ್‌ಗಾರ್ಡ್ ಪ್ಲಾಸ್ಟಿಕ್ ಹರಿದರೆ ಅದನ್ನು ಹೆಕ್ಕುತ್ತೀರಾ, ಬಿದ್ದಲ್ಲೇ ಬಿಡುತ್ತೀರಾ? ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನಿಂದ ಬಂದ ನೀರು ಹೊಂಡ ತುಂಬಿದ ರಾತ್ರಿ ಏನು ಮಾಡುತ್ತೀರಿ? ಮರಗಸಿ ಮಾಡುವಾಗ ಹಕ್ಕಿಗೂಡಿರುವ ಕೊಂಬೆಯನ್ನು ಬಿಡುತ್ತೀರಾ? ಇಲ್ಲಿ ಒಬ್ಬ ಮನುಷ್ಯನ ಐದು ನಿಮಿಷದ ಕೆಲಸ ಒಂದು ತೋಡಿನ ಮೀನನ್ನು ಉಳಿಸಬಹುದು ಅಥವಾ ಕೊಲ್ಲಬಹುದು. ಲೈಟು ಆರಿಸುವುದಕ್ಕಿಂತ ಇದು ಎಷ್ಟೋ ದೊಡ್ಡ ವಿಷಯ, ಆದರೆ ಪ್ರಶ್ನಾವಳಿಯಲ್ಲಿ ಇದಕ್ಕೆ ಜಾಗವಿಲ್ಲ.

ಕಂಪನಿಯ ಒಳ್ಳೆಯತನ ಕೆಲಸಗಾರರ ಕೈಗೆ ಹೇಗೆ ಇಳಿಯುತ್ತದೆ ಎಂಬುದಕ್ಕೆ ಶಾಸ್ತ್ರದಲ್ಲಿ ಮೂರು ವಿವರಣೆಗಳು ಚಾಲ್ತಿಯಲ್ಲಿವೆ. ಒಂದು ಅಭಿಮಾನದ್ದು. ಹೆನ್ರಿ ತಾಜ್‌ಫೆಲ್ ಮತ್ತು ಜಾನ್ ಟರ್ನರ್ 1979ರಲ್ಲಿ ಮಂಡಿಸಿದ ಸಾಮಾಜಿಕ ಗುರುತಿನ ಸಿದ್ಧಾಂತದ ಪ್ರಕಾರ ಮನುಷ್ಯ ತಾನು ಸೇರಿದ ಗುಂಪಿನ ಗೌರವವನ್ನು ತನ್ನದೇ ಗೌರವ ಎಂದುಕೊಳ್ಳುತ್ತಾನೆ. ತನ್ನ ಕಂಪನಿ ಶಾಲೆ ಕಟ್ಟಿಸಿತು, ಕೆರೆ ಹೂಳೆತ್ತಿಸಿತು ಎಂದರೆ ಅವನಿಗೂ ಹೆಮ್ಮೆ, ಆ ಹೆಮ್ಮೆಗೆ ತಕ್ಕಂತೆ ನಡೆಯುವ ಆಸೆ. ಎರಡನೆಯದು ಋಣದ ಲೆಕ್ಕ. ಪೀಟರ್ ಬ್ಲಾವ್ 1964ರಲ್ಲಿ ಬರೆದಂತೆ, ನಮಗೆ ಒಳ್ಳೆಯದು ಮಾಡಿದವರಿಗೆ ನಾವು ಹೇಗಾದರೂ ತೀರಿಸುತ್ತೇವೆ. ಮೂರನೆಯದು ನೋಡಿ ಕಲಿಯುವುದು, ಆಲ್ಬರ್ಟ್ ಬಂಡೂರ ಹೇಳಿದ್ದು: ಮೇಲಿನವರು ಮಾಡಿದಂತೆ ಕೆಳಗಿನವರು ಮಾಡುತ್ತಾರೆ.

ಇವುಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಪುರಾವೆ ಸಿಕ್ಕಿದೆ ಎಂದು ಸಂಶೋಧಕರು ಹೇಳುತ್ತಾರೆ. ಚಿಂಗ್ ತಿಯನ್ ಮತ್ತು ಜೆನಿಫರ್ ರಾಬರ್ಟ್‌ಸನ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಈಗ ಎಲ್ಲರೂ ಉಲ್ಲೇಖಿಸುವಂಥದ್ದು. ಕಂಪನಿ ಸಾಮಾಜಿಕ ಹೊಣೆ ಹೊರುತ್ತದೆ ಎಂದು ನಂಬಿದ ನೌಕರರು ಕಂಪನಿಯೊಂದಿಗೆ ತಮ್ಮನ್ನು ಹೆಚ್ಚು ಗುರುತಿಸಿಕೊಂಡರು, ಹಾಗೆ ಗುರುತಿಸಿಕೊಂಡವರು ಸ್ವಂತ ಇಚ್ಛೆಯಿಂದ ಪರಿಸರಕ್ಕೆ ಒಳಿತಾದದ್ದನ್ನು ಹೆಚ್ಚು ಮಾಡಿದರು, ಪರರ ಕಷ್ಟಕ್ಕೆ ಮರುಗುವ ಸ್ವಭಾವದವರಲ್ಲಿ ಈ ಸಂಬಂಧ ಇನ್ನೂ ಗಟ್ಟಿಯಾಗಿತ್ತು ಎಂಬುದು ಅದರ ಸಾರ. ಇದೇ ಅಚ್ಚಿನ ಅಧ್ಯಯನಗಳು ಆಮೇಲೆ ಚೀನಾ, ಪಾಕಿಸ್ತಾನದಂಥ ದೇಶಗಳ ಹೋಟೆಲು, ಬ್ಯಾಂಕು, ಕಾರ್ಖಾನೆಗಳಿಂದ ಸಾಲುಸಾಲಾಗಿ ಬಂದವು. ಬಹುತೇಕ ಎಲ್ಲದರ ಉತ್ತರವೂ 'ಹೌದು, ಪ್ರಭಾವ ಇದೆ' ಎಂಬುದೇ.

ನನಗೆ ಈ ಒಮ್ಮತದ ಮೇಲೆ ಅನುಮಾನ. ಬಹುಪಾಲು ಅಧ್ಯಯನಗಳಲ್ಲಿ ನೌಕರನ ಕೈಗೆ ಒಂದು ಪ್ರಶ್ನಾವಳಿ ಕೊಟ್ಟು, ನಿಮ್ಮ ಕಂಪನಿ ಒಳ್ಳೆಯದೇ ಎಂದು ಕೇಳುತ್ತಾರೆ. ನೀವು ಪರಿಸರಕ್ಕೆ ಒಳ್ಳೆಯದು ಮಾಡುತ್ತೀರಾ ಎಂದೂ ಅವನನ್ನೇ ಕೇಳುತ್ತಾರೆ. ಕಂಪನಿಯ ಬಗ್ಗೆ ಸಂತೋಷವಾಗಿರುವವನು ಎರಡಕ್ಕೂ 'ಹೌದು' ಎನ್ನುತ್ತಾನೆ, ಬೇಸರಗೊಂಡವನು ಎರಡಕ್ಕೂ ಕಡಿಮೆ ಅಂಕ ಕೊಡುತ್ತಾನೆ. ಎರಡು ಉತ್ತರಗಳ ನಡುವೆ ಸಂಬಂಧ ಕಂಡರೆ ಆಶ್ಚರ್ಯವೇನು? ಮೇಲಧಿಕಾರಿಯಿಂದ ಅಂಕ ಹಾಕಿಸಿದ ಅಧ್ಯಯನಗಳು ಸ್ವಲ್ಪ ವಾಸಿ. ಆದರೂ ಯಾರೂ ಮೀಟರ್ ಓದಲಿಲ್ಲ, ಕಸದ ಬುಟ್ಟಿ ತೂಗಲಿಲ್ಲ, ತೋಡಿನ ನೀರು ಪರೀಕ್ಷೆ ಮಾಡಿಸಲಿಲ್ಲ. ಅಳೆದದ್ದು ಮಾತನ್ನು, ತೀರ್ಮಾನ ಕೊಟ್ಟದ್ದು ನಡವಳಿಕೆಯ ಬಗ್ಗೆ.

ನಿಜಕ್ಕೂ ಅಳೆದವರು ಕಡಿಮೆ. ಅವರಲ್ಲಿ ವಿಮಾನದ ಕ್ಯಾಪ್ಟನ್‌ಗಳ ಮೇಲಿನ ಪ್ರಯೋಗ ನನಗೆ ಬಹಳ ಮೆಚ್ಚಿಗೆಯದು. ಗ್ರೀರ್ ಗಾಸ್ನೆಲ್, ಜಾನ್ ಲಿಸ್ಟ್ ಮತ್ತು ರಾಬರ್ಟ್ ಮೆಟ್‌ಕಾಫ್ 2014ರಲ್ಲಿ ವರ್ಜಿನ್ ಅಟ್ಲಾಂಟಿಕ್ ಸಂಸ್ಥೆಯ 335 ಕ್ಯಾಪ್ಟನ್‌ಗಳನ್ನು ಎಂಟು ತಿಂಗಳ ಹಾರಾಟಗಳಲ್ಲಿ ಗಮನಿಸಿದರು. ನೋಡಿದ್ದು ಮೂರೇ ಕೆಲಸ: ಹೊರಡುವ ಮೊದಲು ಇಂಧನದ ಲೆಕ್ಕವನ್ನು ಸರಿಯಾಗಿ ಮಾಡಿದರೇ, ಹಾರುವಾಗ ಇಂಧನ ಉಳಿಸಿದರೇ, ಇಳಿದ ಮೇಲೆ ನೆಲದಲ್ಲಿ ಓಡಿಸುವಾಗ ಒಂದು ಎಂಜಿನ್ನನ್ನಾದರೂ ಆರಿಸಿದರೇ. ಕ್ಯಾಪ್ಟನ್‌ಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಏನೂ ಇಲ್ಲ. ಎರಡನೆಯದಕ್ಕೆ ಪ್ರತಿ ತಿಂಗಳು ಅವರವರ ಲೆಕ್ಕದ ಪತ್ರ. ಮೂರನೆಯದಕ್ಕೆ ಲೆಕ್ಕದ ಜೊತೆಗೆ ಮುಟ್ಟಬೇಕಾದ ಗುರಿ. ನಾಲ್ಕನೆಯದಕ್ಕೆ ಗುರಿ ಮುಟ್ಟಿದರೆ ಅವರು ಹೇಳಿದ ದತ್ತಿ ಸಂಸ್ಥೆಗೆ 10 ಪೌಂಡ್ ದಾನ.

ಫಲಿತಾಂಶ ವಿಚಿತ್ರ. ಏನೂ ಕೊಡದ ಗುಂಪು ಕೂಡ, ತಮ್ಮನ್ನು ಅಳೆಯುತ್ತಿದ್ದಾರೆ ಎಂದು ಗೊತ್ತಾದ ಮಾತ್ರಕ್ಕೇ ಇಂಧನ ಉಳಿಸತೊಡಗಿತು. ಗುರಿ ಕೊಟ್ಟ ಗುಂಪು ಅದಕ್ಕಿಂತ ಚೆನ್ನಾಗಿ ಮಾಡಿತು. ದಾನ ಸೇರಿಸಿದ ಗುಂಪು ಗುರಿ ಕೊಟ್ಟ ಗುಂಪಿಗಿಂತ ಹೆಚ್ಚೇನೂ ಉಳಿಸಲಿಲ್ಲ, ಆದರೆ ಆ ಗುಂಪಿನವರಿಗೆ ಕೆಲಸದಲ್ಲಿ ತೃಪ್ತಿ ಹೆಚ್ಚಿತ್ತು. ಅಂದರೆ ಪ್ರಶ್ನಾವಳಿ ಹಿಡಿದು ಹೋಗಿದ್ದರೆ ದಾನದ ಗುಂಪೇ ಗೆದ್ದಂತೆ ಕಾಣುತ್ತಿತ್ತು. ಇಂಧನದ ಮೀಟರ್ ನೋಡಿದರೆ ಗೆದ್ದದ್ದು ಅಳತೆ ಮತ್ತು ಗುರಿ.

ಅದೇ ಜಾನ್ ಲಿಸ್ಟ್, ಫತೇಮೆ ಮೊಮೆನಿ ಜೊತೆಗೆ ಮಾಡಿದ ಇನ್ನೊಂದು ಪ್ರಯೋಗ ಕಂಪನಿಗಳಿಗೆ ಹೆಚ್ಚು ಮುಜುಗರದ್ದು. ಇಂಟರ್‌ನೆಟ್ ಮೂಲಕ 3,000ಕ್ಕೂ ಹೆಚ್ಚು ಜನರನ್ನು ಸಣ್ಣ ಕೆಲಸಕ್ಕೆ ಹಿಡಿದು, ಕೆಲವರಿಗೆ ಮಾತ್ರ ಈ ಸಂಸ್ಥೆ ದಾನವನ್ನೂ ಕೊಡುತ್ತದೆ ಎಂದು ತಿಳಿಸಿದರು. ದಾನದ ಸುದ್ದಿ ಕೇಳಿದವರಲ್ಲಿ ಕೆಲಸ ಕದ್ದವರ ಸಂಖ್ಯೆ ಶೇ 24ರಷ್ಟು ಹೆಚ್ಚಾಯಿತು. ದಾನವನ್ನು ನಿಮ್ಮ ಹೆಸರಿನಲ್ಲೇ ಕೊಡುತ್ತೇವೆ ಎಂದಾಗ ಕಳ್ಳಾಟ ಇನ್ನೂ ಜೋರು. ಪುಣ್ಯದ ಖಾತೆಯಲ್ಲಿ ಜಮೆ ಆಗಿದೆ, ಇನ್ನು ಸ್ವಲ್ಪ ಖರ್ಚು ಮಾಡಿದರೆ ತಪ್ಪೇನು ಎಂಬ ಮನಸ್ಸು. ನಮ್ಮ ಊರುಗಳಲ್ಲಿ ದೇವಸ್ಥಾನಕ್ಕೆ ಗ್ರಾನೈಟ್ ಹಾಕಿಸಿ ಹೊಳೆಗೆ ಕಸ ಸುರಿಯುವವರನ್ನು ಕಂಡವರಿಗೆ ಈ ಸಂಶೋಧನೆ ಹೊಸ ಸುದ್ದಿಯೇನಲ್ಲ.

ಇನ್ನು ಭಾರತದ ಕಾನೂನು. 2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಯ, ಅಂದರೆ ಸಿಎಸ್‌ಆರ್, ಕೆಲಸಕ್ಕೆ ಖರ್ಚು ಮಾಡಬೇಕು. ಏಳನೇ ಪರಿಶಿಷ್ಟದಲ್ಲಿ ಪರಿಸರವೂ ಇದೆ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದರ ನಿಯಮಗಳಲ್ಲಿರುವ ಹೊರಗಿಡುವ ಪಟ್ಟಿ. ಕೇವಲ ಕಂಪನಿಯ ನೌಕರರಿಗೆ ಉಪಯೋಗವಾಗುವ ಕೆಲಸ ಸಿಎಸ್‌ಆರ್ ಅಲ್ಲ. ಕಂಪನಿಯ ದೈನಂದಿನ ವ್ಯವಹಾರದ ಭಾಗವಾದದ್ದು ಸಿಎಸ್‌ಆರ್ ಅಲ್ಲ. 2021ರ ತಿದ್ದುಪಡಿಯ ಪ್ರಕಾರ ಬೇರೆ ಕಾನೂನಿನಡಿ ಮಾಡಲೇಬೇಕಾದದ್ದೂ ಸಿಎಸ್‌ಆರ್ ಅಲ್ಲ.

ಕಾಫಿ ತೋಟಕ್ಕೆ ಇದನ್ನು ಅನ್ವಯಿಸಿ ನೋಡಿ. ಪಲ್ಪರ್ ನೀರನ್ನು ಶುದ್ಧ ಮಾಡುವ ಹೊಂಡ ಮಾಲಿನ್ಯ ನಿಯಂತ್ರಣ ಕಾನೂನಿನ ಪ್ರಕಾರ ಮಾಡಲೇಬೇಕಾದದ್ದು, ಆದ್ದರಿಂದ ಸಿಎಸ್‌ಆರ್ ಲೆಕ್ಕಕ್ಕೆ ಬರದು. ಲೈನ್‌ಮನೆಯ ಶೌಚಾಲಯ, ಕುಡಿಯುವ ನೀರು, ಮಕ್ಕಳ ಪಾಲನಾ ಕೇಂದ್ರಗಳನ್ನು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯೇ ಧಣಿಯ ಕರ್ತವ್ಯ ಮಾಡಿತ್ತು, ಅವೂ ಬರುವುದಿಲ್ಲ. ಔಷಧಿ ಹೊಡೆಯುವವರಿಗೆ ಕೈಗವಸು, ಮುಖಗವಸು ಕೊಟ್ಟರೆ ಅದು ನೌಕರರಿಗಾಗಿ ಮಾಡಿದ್ದು. ಪಕ್ಕದ ಹಳ್ಳಿಯಲ್ಲಿ ಸಸಿ ನೆಟ್ಟರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಾನೂನಿನ ಉದ್ದೇಶ ಸರಿಯಾದದ್ದೇ. ಹಾಗೆ ಹೊರಗಿಡದಿದ್ದರೆ ಕಂಪನಿಗಳು ತಮ್ಮ ಕರ್ತವ್ಯವನ್ನೇ ದಾನವೆಂದು ತೋರಿಸಿ ಕೈ ತೊಳೆದುಕೊಳ್ಳುತ್ತಿದ್ದವು. ಆದರೆ ಇದರಿಂದ ಒಂದು ಪರಿಣಾಮ ತಪ್ಪಲಿಲ್ಲ. ಸಿಎಸ್‌ಆರ್ ಎಂಬುದು ಗೇಟಿನ ಹೊರಗಿನ ವ್ಯವಹಾರವಾಯಿತು. ಕೆಲಸಗಾರರು ಇರುವುದು ಗೇಟಿನ ಒಳಗೆ.

ಸರ್ಕಾರಕ್ಕೂ ಇದು ಗೊತ್ತಿದ್ದಂತಿದೆ. ಕಂಪನಿ ವ್ಯವಹಾರಗಳ ಸಚಿವಾಲಯ ಹೊರಡಿಸಿದ ಪ್ರಶ್ನೋತ್ತರದಲ್ಲಿ, ನೌಕರರು ಸಿಎಸ್‌ಆರ್ ಕೆಲಸದಲ್ಲಿ ಕೈಜೋಡಿಸಿದರೆ ಅವರಲ್ಲಿ ಆಸಕ್ತಿ, ಹೆಮ್ಮೆ ಹುಟ್ಟುತ್ತದೆ, ಅದನ್ನು ಪ್ರೋತ್ಸಾಹಿಸಬೇಕು, ಆದರೆ ಅವರ ಶ್ರಮಕ್ಕೆ ಬೆಲೆ ಕಟ್ಟಿ ಖರ್ಚಿಗೆ ಹಾಕುವಂತಿಲ್ಲ ಎಂಬ ಅರ್ಥದ ಮಾತಿದೆ. ಮತ್ತೆ ಅದೇ ಹೆಮ್ಮೆ! ವಿದ್ವಾಂಸರ ಪ್ರಶ್ನಾವಳಿಗೂ ಸಚಿವಾಲಯದ ಸುತ್ತೋಲೆಗೂ ಸಿದ್ಧಾಂತ ಒಂದೇ.

ಕೊಡಗಿನಲ್ಲಿ ಇದನ್ನು ಪರೀಕ್ಷಿಸಲು ಟಾಟಾ ಕಾಫಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹಿಂದಿನ ಕನ್ಸಾಲಿಡೇಟೆಡ್ ಕಾಫಿ, ಪಾಲಿಬೆಟ್ಟದಲ್ಲಿ ಕೇಂದ್ರ ಕಚೇರಿ. 2024ರ ಜನವರಿ 1ರಿಂದ ಅದು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್ ಬಳಗದೊಳಗೆ ವಿಲೀನವಾಗಿದೆ. ಕಾಯ್ದೆ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅದು ಕೂರ್ಗ್ ಫೌಂಡೇಷನ್ ಸ್ಥಾಪಿಸಿತ್ತು. ಸುಂಟಿಕೊಪ್ಪದ ಸ್ವಸ್ಥ ಶಾಲೆಯಲ್ಲಿ ವಿಶೇಷ ಅಗತ್ಯದ ಮಕ್ಕಳು ಕಲಿಯುತ್ತಾರೆ, ಅಮ್ಮತ್ತಿಯ ಆಸ್ಪತ್ರೆಗೆ ಸುತ್ತಲಿನ ಜನ ಬರುತ್ತಾರೆ. ಕೊಡಗಿನಲ್ಲಿ ಇವುಗಳ ಬಗ್ಗೆ ಒಳ್ಳೆಯ ಮಾತೇ ಹೆಚ್ಚು. ಶಾಲೆ, ಆಸ್ಪತ್ರೆಗಳ ಈ ಕೆಲಸ ಪಲ್ಪಿಂಗ್ ಮನೆಯಲ್ಲಿ ವಾಲ್ವ್ ತಿರುಗಿಸುವ ಕೈಯನ್ನು ಬದಲಿಸುತ್ತದೆಯೇ? ನೇರವಾಗಿ ಬದಲಿಸುತ್ತದೆ ಎನ್ನುವುದಕ್ಕೆ ದಾರಿ ನನಗೆ ಕಾಣದು. ಅದೇ ತೋಟಗಳಲ್ಲಿ ಇನ್ನೊಂದು ವ್ಯವಸ್ಥೆಯಿದೆ, ಅದು ಕೈಯವರೆಗೆ ತಲುಪುತ್ತದೆ. ಅದು ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರ.

ಪ್ರಮಾಣಪತ್ರದ ಕಾಫಿಯನ್ನು ಯೂರೋಪಿನ ಖರೀದಿದಾರ ಕೇಳುತ್ತಾನೆ. ಅದು ಬೇಕೆಂದರೆ ಪರಿಶೋಧಕರು ತೋಟಕ್ಕೆ ಬರುತ್ತಾರೆ. ಯಾವ ಔಷಧಿ, ಎಷ್ಟು ಹೊಡೆದರು, ಖಾಲಿ ಡಬ್ಬ ಎಲ್ಲಿ ಹೋಯಿತು, ತೋಡಿನ ಪಕ್ಕ ಎಷ್ಟು ದೂರ ಬಿಟ್ಟು ಹೊಡೆದರು, ನೆರಳಿಗೆ ಯಾವ ಮರಗಳಿವೆ ಎಂದು ಪುಸ್ತಕ ನೋಡುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ಕೆಲಸಗಾರರನ್ನೇ ಕೇಳುತ್ತಾರೆ. ಪುಸ್ತಕ ಬರೆಯಬೇಕಾದವನು ತೋಟದ ರೈಟರ್. ಬರೆಯಲು ಅವನು ಮೇಸ್ತ್ರಿಯನ್ನು ಕೇಳಬೇಕು, ಮೇಸ್ತ್ರಿ ಔಷಧಿ ಹೊಡೆಯುವವನನ್ನು ಕೇಳಬೇಕು. ಕೇಳುವುದು ಶುರುವಾದ ದಿನ ಕ್ಯಾನ್ ತೊಳೆಯುವ ಜಾಗ ಬದಲಾಗುತ್ತದೆ. ಕ್ಯಾಪ್ಟನ್‌ಗಳ ಪ್ರಯೋಗದಲ್ಲಿ ಕೆಲಸ ಮಾಡಿದ್ದು ಇದೇ: ಯಾರೋ ಲೆಕ್ಕ ಇಡುತ್ತಿದ್ದಾರೆ ಎಂಬ ಅರಿವು. ಲೆಕ್ಕದ ಪುಸ್ತಕ ಪರಿಶೋಧಕರು ಬರುವ ಹಿಂದಿನ ವಾರ ಬರೆದದ್ದಾದರೆ ಅದರ ಬೆಲೆ ಅಷ್ಟಕ್ಕಷ್ಟೇ ಎಂಬುದೂ ನಿಜ.

ಕ್ಯಾಥರೀನ್ ರೇಮಸ್ ಮತ್ತು ಉಲ್ರಿಕ್ ಸ್ಟೀಗರ್ 2000ದಲ್ಲಿ ಯೂರೋಪಿನ ಮುಂಚೂಣಿ ಕಂಪನಿಗಳನ್ನು ನೋಡಿ ಬರೆದ ಪ್ರಬಂಧ ಇಲ್ಲಿ ನೆನಪಾಗುತ್ತದೆ. ಕಂಪನಿಗೆ ಲಿಖಿತ ಪರಿಸರ ನೀತಿ ಇದ್ದರೆ ನೌಕರರು ಹೊಸ ಪ್ರಯತ್ನಕ್ಕೆ ಕೈಹಾಕುವ ಸಾಧ್ಯತೆ ಹೆಚ್ಚುತ್ತದೆ, ಹತ್ತಿರದ ಮೇಲಧಿಕಾರಿಯ ಬೆಂಬಲ ಇದ್ದರೆ ಇನ್ನೂ ಹೆಚ್ಚುತ್ತದೆ. ಆದರೆ ಬೇರೆ ವಿಷಯಗಳಲ್ಲಿ ಪ್ರೋತ್ಸಾಹ ಕೊಡುವ ಮೇಲಧಿಕಾರಿಗಳೇ ಪರಿಸರದ ವಿಷಯ ಬಂದಾಗ ಹಿಂದೆ ಸರಿಯುತ್ತಾರೆ ಎಂಬುದನ್ನೂ ಅವರು ಕಂಡರು. ಅಧ್ಯಕ್ಷರ ಭಾಷಣಕ್ಕಿಂತ ಮೇಸ್ತ್ರಿಯ ಮಾತು ಹೆಚ್ಚು ಎಂದು ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಭಿಮಾನದ ಸಿದ್ಧಾಂತಕ್ಕೆ ತೋಟದಲ್ಲಿ ಇನ್ನೊಂದು ಅಡ್ಡಿ ಇದೆ. 'ನಮ್ಮ ಕಂಪನಿ' ಎಂದು ಹೇಳಿಕೊಳ್ಳಲು ಮೊದಲು ಕಂಪನಿ 'ನಮ್ಮವರು' ಎನ್ನಬೇಕು. ತಲೆಮಾರುಗಳಿಂದ ಲೈನ್‌ಮನೆಯಲ್ಲಿರುವ ಕಾಯಂ ಕೆಲಸಗಾರರಿಗೆ ತೋಟದ ಹೆಸರಿನೊಂದಿಗೆ ಏನೋ ಒಂದು ನಂಟು ಇರಬಹುದು. ಈಗ ಕೊಯ್ಲಿನ ಕಾಲದಲ್ಲಿ ಕೊಡಗಿಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದವರು ಗುತ್ತಿಗೆದಾರನ ಜೀಪಿನಲ್ಲಿ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ತೋಟದ ಮಾಲೀಕರ ಹೆಸರೂ ಗೊತ್ತಿರುವುದಿಲ್ಲ. ಕಂಪನಿ ಪಕ್ಕದೂರಲ್ಲಿ ಶಾಲೆ ಕಟ್ಟಿಸಿದ್ದು ಅವರಿಗೆ ಯಾವ ಹೆಮ್ಮೆ ಕೊಟ್ಟೀತು?

ಕೂಲಿಯ ಲೆಕ್ಕವೂ ಇದೆ. ಕೊಯ್ಲಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ ಎಂದರೆ ಕೈ ಓಡಬೇಕು. ಹಣ್ಣನ್ನು ಮಾತ್ರ ಆರಿಸಿ ಕೊಯ್ಯಿರಿ, ಕಾಯಿಗೆ ಕೈ ಹಾಕಬೇಡಿ, ರೆಂಬೆ ಮುರಿಯಬೇಡಿ ಎಂದರೆ ಅಷ್ಟು ಕೆ.ಜಿ. ಕಡಿಮೆ, ಅಷ್ಟು ಹಣ ಕಡಿಮೆ. ಔಷಧಿ ಹೊಡೆಯುವವನಿಗೆ ಇಷ್ಟು ಕ್ಯಾನಿಗೆ ಇಷ್ಟು ಎಂದು ಗುತ್ತಿಗೆ ಕೊಟ್ಟರೆ, ದೂರದ ಗುಂಡಿಗೆ ನಡೆದು ಹೋಗಿ ತೊಳೆಯುವ ಹೊತ್ತು ಅವನ ಸ್ವಂತ ನಷ್ಟ. ತೋಡು ಹತ್ತಿರ ಇದೆ. ಇವನ ಪರಿಸರ ಪ್ರಜ್ಞೆ ಅಳೆಯಲು ಪ್ರಶ್ನಾವಳಿ ತೆಗೆದುಕೊಂಡು ಹೋಗುವವರು ಮೊದಲು ಅವನ ಕೂಲಿ ಚೀಟಿ ನೋಡಬೇಕು. ಸ್ವಂತ ಇಚ್ಛೆಯ ನಡವಳಿಕೆ ಎಂಬ ಮಾತಿಗೆ ತಿಂಗಳ ಸಂಬಳದ ಕಚೇರಿಯಲ್ಲಿ ಅರ್ಥವಿದೆ. ಕೆ.ಜಿ. ಲೆಕ್ಕದ ತೋಟದಲ್ಲಿ ಅದರ ಖರ್ಚನ್ನು ಅತಿ ಕಡಿಮೆ ಗಳಿಸುವವನೇ ತೆರಬೇಕಾಗುತ್ತದೆ.

ಈಗ ಘಾಟಿ ಇಳಿದು ಪಶ್ಚಿಮಕ್ಕೆ ಹೋಗೋಣ. ಕರಿಕೆಯ ಗಡಿ ದಾಟಿದರೆ ಪಾಣತ್ತೂರು, ಅದು ಪನತ್ತಡಿ ಪಂಚಾಯತಿಯಲ್ಲಿದೆ. ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವೆಂದು ಗುರುತಿಸಿದ ಕಾಸರಗೋಡಿನ 11 ಪಂಚಾಯತಿಗಳಲ್ಲಿ ಪನತ್ತಡಿಯೂ ಒಂದು, ಪಕ್ಕದ ಕಳ್ಳಾರ್ ಇನ್ನೊಂದು. ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚಿನ ಗೇರು ತೋಟಗಳ ಮೇಲೆ, ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿತು. ಗುಡ್ಡದ ತಲೆಯ ಮೇಲೆ ತೋಟ, ಬುಡದಲ್ಲಿ ಮನೆ, ಬಾವಿ, ಸುರಂಗ, ತೋಡು. ಕನ್ನಡದ ಪತ್ರಕರ್ತ ಶ್ರೀಪಡ್ರೆಯವರು ತಮ್ಮೂರ ಕಡೆ ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು 1979ರಷ್ಟು ಹಿಂದೆಯೇ ಬರೆದರು. ವಾಣಿನಗರದ ವೈದ್ಯ ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಹೊರಜಗತ್ತಿಗೆ ತಿಳಿಸಿದರು. ಗಡಿಯ ಈಚೆಗೂ ಕರ್ನಾಟಕದ ಗೇರು ಅಭಿವೃದ್ಧಿ ನಿಗಮ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಅದೇ ಕೆಲಸ ಮಾಡಿತ್ತು.

ಇವು ಸರ್ಕಾರದ್ದೇ ಸಂಸ್ಥೆಗಳು. ಸಮಾಜಕ್ಕೆ ಒಳ್ಳೆಯದು ಮಾಡುವುದಕ್ಕೇ ಹುಟ್ಟಿದವು, ಊರವರಿಗೆ ಉದ್ಯೋಗ ಕೊಟ್ಟವು. ಉದ್ಯೋಗ ಕೊಟ್ಟ ಋಣ ದೊಡ್ಡದು. ಔಷಧಿ ಬೆರೆಸಿದ, ಹೆಲಿಕಾಪ್ಟರಿಗೆ ತುಂಬಿಸಿದ ಕೆಲಸಗಾರರ ಮೈಮೇಲೆಯೇ ಅದು ಮೊದಲು ಬಿದ್ದದ್ದು. ಅವರ ಮನೆಗಳೂ ಅದೇ ತೋಡಿನ ದಡದಲ್ಲಿದ್ದವು. ಋಣದ ಸಿದ್ಧಾಂತ ಹೇಳುವಂತೆ ಉಪಕಾರ ಪಡೆದವರು ಒಳ್ಳೆಯದನ್ನು ಹಿಂತಿರುಗಿಸುತ್ತಾರೆ ಎಂದಾದರೆ, ಇಲ್ಲಿ ಅವರು ಹಿಂತಿರುಗಿಸಿದ್ದು ಮೌನವನ್ನು. ಹೊಟ್ಟೆಪಾಡು ಕೊಟ್ಟ ಕೈಯ ವಿರುದ್ಧ ಮಾತಾಡುವುದು ಸುಲಭವಲ್ಲ. ಅಭಿಮಾನವೂ ಋಣವೂ ಕಂಪನಿ ಹೋಗುವ ದಿಕ್ಕಿಗೇ ಕೆಲಸಗಾರರನ್ನು ಒಯ್ಯುತ್ತವೆ. ದಿಕ್ಕು ತಪ್ಪಾದರೆ ತಪ್ಪಿನ ಕಡೆಗೇ.

ತಡೆದವರು ಬೇರೆಯವರು. ಪೆರಿಯದಲ್ಲಿ ಮನೆ ಮಾಡಿದ್ದ, ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ ವೈಮಾನಿಕ ಸಿಂಪಡಣೆಗೆ ತಡೆಯಾಜ್ಞೆ ತಂದರು. ಕೀಟನಾಶಕವನ್ನು ಶಿಫಾರಸು ಮಾಡುವ ಇಲಾಖೆಯಲ್ಲೇ ಸಂಬಳ ಪಡೆಯುತ್ತಿದ್ದವರು ಅವರು. ಓನ್ಸ್ ಮತ್ತು ಡಿಲ್ಕರ್ಟ್ ಪಟ್ಟಿಯ ಕೊನೆಯ ಮೆಟ್ಟಿಲು, ತಾನೇ ಮುಂದಾಗುವುದು ಎಂದರೆ ಇದು. ಯಾವ ಕಂಪನಿಯ ಯಾವ ಸಾಮಾಜಿಕ ಹೊಣೆಯೂ ಇದನ್ನು ಹುಟ್ಟಿಸಲಿಲ್ಲ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಹಾಕಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆದೇಶಿಸಿತು. ಸಿಂಪಡಣೆ ನಿಂತು ಹನ್ನೆರಡು ವರ್ಷವಾದ ಮೇಲೂ, ಕಾಞಂಗಾಡಿನಿಂದ ಪಾಣತ್ತೂರಿಗೆ ಬರುವ ಇದೇ ದಾರಿಯ ರಾಜಪುರಂ ಗೋದಾಮಿನಲ್ಲಿ ಉಳಿದಿದ್ದ ವಿಷವನ್ನು 2012ರಲ್ಲಿ ಭದ್ರ ಪೀಪಾಯಿಗಳಿಗೆ ಬದಲಾಯಿಸಬೇಕಾಯಿತು.

ಬೆಂಗಳೂರು, ಮೈಸೂರಿನ ಕಚೇರಿಗಳ ಕಥೆ ಇಷ್ಟು ಕಠೋರವಲ್ಲ. ಇನ್ಫೋಸಿಸ್ 2020ರಲ್ಲಿ ತಾನು ಇಂಗಾಲ ತಟಸ್ಥವಾಗಿರುವುದಾಗಿ ಘೋಷಿಸಿತು, 2008ರ ನಂತರ ತಲಾ ವಿದ್ಯುತ್ ಬಳಕೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಇದರಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳು ಮಾನಿಟರ್ ಆರಿಸಿದ್ದರ ಪಾಲು ಎಷ್ಟು, ಕಟ್ಟಡ ಕಟ್ಟಿದವರ ಪಾಲು ಎಷ್ಟು? ಹೈದರಾಬಾದಿನ ಅವರ ಒಂದು ಕಟ್ಟಡವನ್ನು ಎರಡು ಭಾಗ ಮಾಡಿ, ಒಂದರಲ್ಲಿ ಮಾಮೂಲಿ ಹವಾನಿಯಂತ್ರಣ, ಇನ್ನೊಂದರಲ್ಲಿ ಚಪ್ಪಡಿಯೊಳಗೆ ತಣ್ಣೀರು ಹರಿಸುವ ವ್ಯವಸ್ಥೆ ಇಟ್ಟು ಅಳೆದಾಗ ಎರಡನೆಯದರಲ್ಲಿ ಸುಮಾರು ಮೂರನೇ ಒಂದರಷ್ಟು ವಿದ್ಯುತ್ ಉಳಿಯಿತು. ಒಳಗೆ ಕೂತವರ ಪರಿಸರ ಪ್ರೇಮ ಎರಡೂ ಕಡೆ ಒಂದೇ ಇತ್ತು ಅಲ್ಲವೇ! ಕೆಲಸದ ವ್ಯವಸ್ಥೆಯನ್ನು ಬದಲಿಸಿದರೆ ನಡವಳಿಕೆಯನ್ನು ಬೇಡಿಕೊಳ್ಳಬೇಕಾದ ಅಗತ್ಯವೇ ಕಡಿಮೆಯಾಗುತ್ತದೆ. ತೋಟದಲ್ಲೂ ಅಷ್ಟೆ. ಕಡಿಮೆ ನೀರು ಕುಡಿಯುವ ಪಲ್ಪರ್ ತಂದರೆ ಹೊಂಡ ತುಂಬುವ ರಾತ್ರಿಗಳೇ ಕಡಿಮೆಯಾಗುತ್ತವೆ. ಔಷಧಿ ಬೆರೆಸುವ ಜಾಗದಲ್ಲೇ ತೊಳೆಯುವ ಗುಂಡಿ, ನೀರಿನ ಡ್ರಮ್ಮು ಇಟ್ಟರೆ ತೋಡಿಗೆ ಹೋಗುವ ಕಾರಣವೇ ಉಳಿಯದು.

ಇಷ್ಟನ್ನೂ ನೋಡಿದ ಮೇಲೆ ನನ್ನ ತೀರ್ಪು ಹೀಗೆ. ಕಂಪನಿಯ ಸಾಮಾಜಿಕ ಕೆಲಸ ಕೆಲಸಗಾರರ ಮನಸ್ಸನ್ನು ಬದಲಿಸುತ್ತದೆ ಎನ್ನುವುದು ಬಹುಶಃ ನಿಜ. ಕೈಯನ್ನು ಬದಲಿಸುತ್ತದೆ ಎನ್ನುವುದಕ್ಕೆ ಪುರಾವೆ ತೆಳು. ಕೈಯನ್ನು ಬದಲಿಸುವುದು ಅಳತೆ, ಮೇಸ್ತ್ರಿಯ ಮಾತು, ಕೂಲಿಯ ಲೆಕ್ಕ ಮತ್ತು ಯಂತ್ರದ ವಿನ್ಯಾಸ. ಇವು ಸರಿಯಿದ್ದ ಕಡೆ ಅಭಿಮಾನ ಅವುಗಳಿಗೆ ಬಲ ಕೊಡಬಹುದು, ಯಾರೂ ನೋಡದ ಹೊತ್ತಿನಲ್ಲೂ ಸರಿಯಾದದ್ದನ್ನು ಮಾಡಿಸಬಹುದು. ಇವು ಇಲ್ಲದ ಕಡೆ ಅಭಿಮಾನ ಬರೀ ವಾರ್ಷಿಕ ವರದಿಯ ಫೋಟೊ. ಸಸಿ ನೆಡುವ ದಿನ ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು ಹಂಚುವ ಕಾರ್ಯಕ್ರಮಗಳ ಬಗ್ಗೆ ನನಗೆ ವಿಶೇಷ ಗೌರವವೇನೂ ಇಲ್ಲ.

ಸೆಬಿ 2021ರಲ್ಲಿ ತಂದ, 2022-23ರಿಂದ ಷೇರು ಮಾರುಕಟ್ಟೆಯ ಮೊದಲ 1,000 ಕಂಪನಿಗಳಿಗೆ ಕಡ್ಡಾಯವಾದ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಈ ದೃಷ್ಟಿಯಿಂದ ಸಿಎಸ್‌ಆರ್ ಪಟ್ಟಿಗಿಂತ ಉಪಯುಕ್ತ. ಗೇಟಿನ ಒಳಗೆ ಎಷ್ಟು ನೀರು, ಎಷ್ಟು ವಿದ್ಯುತ್, ಎಷ್ಟು ತ್ಯಾಜ್ಯ, ಕಾಯಂ ಅಲ್ಲದ ಕೆಲಸಗಾರರು ಎಷ್ಟು, ತರಬೇತಿ ಪಡೆದವರು ಎಷ್ಟು ಎಂದು ಅದು ಕೇಳುತ್ತದೆ. ಕಂಪನಿಯನ್ನು ಅಳೆಯಬೇಕೆನ್ನುವವರು ದಾನದ ಪುಟ ಬಿಟ್ಟು ಆ ಪುಟಗಳನ್ನು ಓದಬೇಕು. ಆದರೆ ಕರಿಕೆಯಂಥ ಊರಿನ ತೋಟಗಳು ಅದರ ಲೆಕ್ಕಕ್ಕೂ ಬರುವುದಿಲ್ಲ. ಇಲ್ಲಿ ಧಣಿಯೇ ರೈಟರ್, ಧಣಿಯೇ ಮೇಸ್ತ್ರಿ, ಎಷ್ಟೋ ಸಲ ಅವನೇ ಕೆಲಸಗಾರ. ತೊಳೆಯುವ ಗುಂಡಿ ತೋಡಿಸಲು ಶೇ 2ರ ಕಾನೂನು ಬೇಕಾಗಿಲ್ಲ.

ಕೊನೆಗೆ ಒಂದು ಕೋರಿಕೆ, ಮೈಸೂರು, ಮಂಗಳೂರು, ಕೊಡಗಿನ ವಿಶ್ವವಿದ್ಯಾಲಯಗಳ ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ವಿಭಾಗಗಳಿಗೆ. ಸಿಎಸ್‌ಆರ್ ಬಗ್ಗೆ ಇನ್ನೊಂದು ಪ್ರಶ್ನಾವಳಿ ಬೇಡ. ಒಂದು ಪಲ್ಪಿಂಗ್ ಋತು, ಡಿಸೆಂಬರಿನಿಂದ ಮಾರ್ಚ್‌ವರೆಗೆ, ದಾನ ಕೊಡುವ ಒಂದು ತೋಟ ಮತ್ತು ಕೊಡದ ಒಂದು ತೋಟ, ಎರಡರ ಕೆಳಗೂ ಹರಿಯುವ ತೋಡಿನ ನೀರನ್ನು ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಕೆಲಸಗಾರರ ಕೂಲಿ ಚೀಟಿಯನ್ನು ಪಕ್ಕದಲ್ಲಿಟ್ಟು ಓದಿ. ಫಲಿತಾಂಶವನ್ನು ಕನ್ನಡದಲ್ಲೂ, ಸಾಧ್ಯವಾದರೆ ಮಲಯಾಳದಲ್ಲೂ ಪ್ರಕಟಿಸಿ.